ಷರಾ

ಮೆಹತಾಬಳ ಅಂಕಪಟ್ಟಿಯ ಷರಾ ಕಾಲಮಿನಲ್ಲಿ
ಇಂಗ್ಲಿಷಿನ ಒಂದೇ ಮಾತು ಬರೆದಿದ್ದೆ: ರೂಡ್.
ನಾಲ್ಕಕ್ಷರ. ಕೆಂಪು ಶಾಯಿ.

ಮರುದಿನ ಅವಳಮ್ಮ ಬಂದಳು, ಜೈಬುನ್ನೀಸಾ,
ಶಿಡ್ಲಘಟ್ಟದ ಫಿಲೇಚರಿನಿಂದ ನೇರ.
ಬಿಸಿನೀರಲ್ಲಿ ನೆಂದು ನೆಂದು ಬೆಳ್ಳಗೆ ಬಿರಿದ ಬೆರಳನ್ನು
ಆ ಪದದ ಮೇಲಿಟ್ಟು
‘ಇದೇನ್ ಮೇಡಂ? ಪಾಸಾ, ಫೇಲಾ?’

ಒರಟು ಅನ್ನಲು ಬಾಯಿ ಬರಲಿಲ್ಲ.
ಹೊತ್ತು ತಳ್ಳಲು ನಿಘಂಟು ತೆರೆದೆ.
ಅಸಭ್ಯ, ಉದ್ಧಟ, ಮರ್ಯಾದೆಗೆಟ್ಟ...
ಕೆಳಗೆ ಸಣ್ಣಕ್ಷರದಲ್ಲಿ ಪದದ ಹುಟ್ಟೂರು:
ಲ್ಯಾಟಿನ್ನಿನಲ್ಲಿ ರುದಿಸ್.
ಕಚ್ಚಾ. ಕೈ ತಾಗದ್ದು. ಇನ್ನೂ ಹದಕ್ಕೆ ಬಾರದ್ದು.

‘ಕಚ್ಚಾ ಅಂತ’ ಅಂದೆ.
ನಕ್ಕುಬಿಟ್ಟಳು. ‘ಅಷ್ಟೇನಾ!
ನಾನು ಫೇಲು ಅಂದ್ಕೊಂಡೆ.
ಕಚ್ಚಾ ನೂಲು ಮಾರ್ಕೆಟ್ಟಿಗೆ ಹೋದ್ರೇನೇ
ನಮ್ಮನೇಲಿ ಒಲೆ ಹತ್ತೋದು.’

ಹೇಳಲಿಲ್ಲ ನಾನು,
ಹುಡುಗಿ ತರಗತಿಯಲ್ಲಿ ಎದ್ದು ನಿಂತು ಕೇಳಿದ್ದನ್ನು:
ನನ್ನ ಬೆಂಚಿನ ಹತ್ರ ಬಂದಾಗೆಲ್ಲ
ಮೂಗಿಗೆ ಸೆರಗು ಯಾಕೆ ಹಿಡೀತೀರಿ ಮಿಸ್?

ಬೆಂದ ಹುಳುವಿನ ನಾತ ಅವತ್ತು
ಸ್ಟಾಫ್ ರೂಮಿನ ತುಂಬ.
ಸೆರಗು ಮೇಲೇಳದ ಹಾಗೆ
ಎಡಗೈಯಲ್ಲಿ ತೊಡೆಗೆ ಒತ್ತಿ ಹಿಡಿದು ಕೂತಿದ್ದೆ.
ಅವಳಿಗೆ ಕಂಡಿತೋ ಇಲ್ಲವೋ.

ಪೆನ್ನು ಕೇಳಿದಳು. ಇದ್ದದ್ದು ಅದೇ ಕೆಂಪು.
ಉರ್ದುವಿನಲ್ಲಿ ಸಹಿ, ಒಂದೊಂದೇ ತಿರುವು,
ಬಲದಿಂದ ಹೊರಟು ಎಡಕ್ಕೆ ನಿಧಾನ ನಡೆದು
ನನ್ನ ಪದದ ಬುಡದಲ್ಲಿ ನಿಂತಿತು.

ಆರಲಿ ಅಂತ ಊದಿದಳು,
ಒಲೆ ಊದುವ ಹಾಗೆ.

ಮಿಕ್ಕ ನಲವತ್ತೊಂದು ಪಟ್ಟಿ ಹೆಡ್‌ಮಾಸ್ತರರ ಮೇಜಿಗೆ ಹೋದವು.
ಇದೊಂದು ನನ್ನ ಡ್ರಾಯರಿನಲ್ಲೇ ಇದೆ.