ಹೊತ್ತದ್ದು ಎಷ್ಟು ಹೊತ್ತು

ರುಸ್ತಾವಿಯ ಹದಿನೇಳನೇ ಬಡಾವಣೆಯಲ್ಲಿ
ಲಿಫ್ಟಿಗೂ ದುಡ್ಡು ಹಾಕಬೇಕು.
ಇಪ್ಪತ್ತು ತೆತ್ರಿ ನುಂಗಿ, ಗಂಟಲು ಕೆರೆದು
ಒಂಬತ್ತನೇ ಮಹಡಿಗೆ ಹೊರಡುತ್ತದೆ.
ಕೆಲವೊಮ್ಮೆ ನುಂಗಿ, ಸುಮ್ಮನಾಗುತ್ತದೆ.

ನಾನು ಗಣತಿಯವಳು. ಕಂಕುಳಲ್ಲಿ ಫಾರಂ.
ಬಾಗಿಲ ಪಕ್ಕದ ಬೆಂಚಿನ ಮೇಲೆ ಮೂವರು
ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದಾರೆ.
ಎಷ್ಟು ಹೊತ್ತಿನಿಂದ ಎಂದು
ಸಿಪ್ಪೆಯ ಗುಡ್ಡೆಯೇ ಹೇಳುತ್ತದೆ.
ಈ ಮೂಲೆಗೆ ಊರು ಇಟ್ಟ ಹೆಸರು ಬಿರ್ಜಾ,
ಅಂದರೆ ಪೇಟೆ, ಕೊಡುಕೊಳ್ಳುವ ಕಟ್ಟೆ.
ಇಲ್ಲಿ ಕೈ ಬದಲಾಯಿಸುವುದು
ಒಂದೇ ಒಂದು ಲೈಟರು.

"ಹೆಸರು?"
"ಲಾಶಾ. ಇಪ್ಪತ್ತೆರಡು."
"ಓದು?"
"ಬಿಟ್ಟೆ."
"ಕಳೆದ ವಾರ ಒಂದು ಗಂಟೆಯಾದರೂ
ಹಣಕ್ಕೋ ವಸ್ತುವಿಗೋ ದುಡಿದಿರಾ?"
ನಕ್ಕ. ಪಕ್ಕದವನು ಮೊಣಕೈಯಲ್ಲಿ ತಿವಿದ:
"ಹೇಳೋ, ಆ ಪರ್ಸಿಮನ್ ಹಣ್ಣಿನ ವಿಷಯ ಹೇಳೋ."

ಲಿಫ್ಟು ನಾಣ್ಯ ನುಂಗಿ ಸತ್ತ ದಿನ
ತ್ಸಿಯಾಲಾ ಅಜ್ಜಿಯ ಆಲೂಗಡ್ಡೆ ಚೀಲವನ್ನು
ಒಂಬತ್ತು ಮಹಡಿ ಹೊತ್ತನಂತೆ.
ಮತ್ತೆ ಇಳಿದು ಬಂದು, ಅಜ್ಜಿಯನ್ನು
ಹೆಗಲು ಕೊಟ್ಟು, ಮಹಡಿಗೊಮ್ಮೆ ಕೂರಿಸಿ,
ಮಹಡಿಗೊಬ್ಬರಂತೆ
ಸತ್ತವರ ಕಥೆ ಕೇಳಿಸಿಕೊಂಡು.
ಅಜ್ಜಿ ಕೊಟ್ಟದ್ದು ಎರಡು ಹಣ್ಣು.
ಒಂದು ಒಗರು.

"ಹೊತ್ತದ್ದು ಎಷ್ಟು ಹೊತ್ತು?"
"ಐವತ್ತು ನಿಮಿಷ. ಆಮೇಲೆ ಇಳಿದದ್ದು...
ಅದನ್ನು ಸೇರಿಸುತ್ತೀರಾ?"

ಕೈಪಿಡಿಯಲ್ಲಿ ಇಳಿಯುವುದರ ಮಾತಿಲ್ಲ.
ಪೆನ್ನಿನ ಮೊನೆ ಖಾಲಿ ಚೌಕದ ಮೇಲೆ
ನಿಂತೇ ಇತ್ತು.

ಅಷ್ಟರಲ್ಲಿ ಎರಡನೇ ಮಹಡಿಯ ಹಗ್ಗಕ್ಕೆ
ಒದ್ದೆ ಹಾಸು ಎಳೆಯುತ್ತಿದ್ದ ಅವನ ಅಕ್ಕ ನಾತ್ಯಾ
ಬಗ್ಗಿ ಕೂಗಿದಳು:
"ನನ್ನನ್ನೂ ಬರಕೊಳ್ಳಿ.
ಅಪ್ಪನಿಗೆ ಸ್ನಾನ, ಗುಳಿಗೆ, ರಾತ್ರಿ ಎರಡು ಸಲ ಮಗ್ಗುಲು.
ಈ ಮಹಾಶಯನಿಗೆ ಮೂರು ಹೊತ್ತು ಊಟ.
ನನಗೆ ಒಗರು ಹಣ್ಣನ್ನೂ ಯಾರೂ ಕೊಟ್ಟಿಲ್ಲ."

ಬೆಂಚು ಮೌನ.
ಲಾಶಾನ ತುಟಿಗೆ ಅಂಟಿದ ಸಿಪ್ಪೆ
ಉಗುಳಲೂ ಇಲ್ಲ, ಒರೆಸಲೂ ಇಲ್ಲ.
ಹಾಸಿನಿಂದ ನೀರು ತೊಟ್ಟಿಕ್ಕಿ
ನನ್ನ ಫಾರಂ ಮೇಲೆ ಬಿತ್ತು,
'ಇಲ್ಲ' ಎಂಬ ಅಕ್ಷರ ಸ್ವಲ್ಪ ಹರಡಿತು.

ಈ ಶುಕ್ರವಾರಕ್ಕೆ ನನ್ನ ಗುತ್ತಿಗೆ ಮುಗಿಯುತ್ತದೆ.
ಅದನ್ನು ಅವರಿಗೆ ಹೇಳಲಿಲ್ಲ.

ಮೇಲೆ ಇನ್ನೂ ಮೂವತ್ತಾರು ಬಾಗಿಲು.
ಪರ್ಸಿನಲ್ಲಿ ಚಿಲ್ಲರೆ ತಡಕುತ್ತಿದ್ದಾಗ
ಲಾಶಾ ಎದ್ದು ಬಂದು
ಅಂಗೈಯ ಬಿಸಿ ಆರದ ನಾಣ್ಯವೊಂದನ್ನು
ತಾನೇ ಒಳಗೆ ಹಾಕಿದ.
ಲಿಫ್ಟು ಯೋಚಿಸಿತು. ನಡುಗಿತು.

ಬಾಗಿಲು ಕೂಡಿಕೊಳ್ಳುವ ಸಂದಿಯಲ್ಲಿ ಅವನ ಮುಖ:
"ನಡುವೆ ನಿಂತರೆ ಜೋರಾಗಿ ಬಡಿಯಿರಿ.
ನಾವು ಇಲ್ಲೇ ಇರ್ತೀವಿ."