ಗಂಟೆಗೊಂದು ಗಂಟು

ಹೆಸರು ಇತ್ತೋ.
ನನ್ನ ನುಡಿಯಲ್ಲಿ ಅದೊಂದು ಅನುಮಾನದ ಪ್ರಶ್ನೆ,
ಅಟ್ಲಾಸ್ ಬೆಟ್ಟದಲ್ಲಿ ಅಜ್ಜಿಯಿಂದ ಬಂದ ಹೆಸರು.
ಉಯೆಲ್ವಾದ ಮೇಸ್ತ್ರಿ ಬೆಳಗಿನ ಹಾಜರಿಯಲ್ಲಿ
ಅದನ್ನು ಕೂಗುವುದಿಲ್ಲ. ನಲವತ್ತೊಂದು, ಎನ್ನುತ್ತಾನೆ.
ಬಂದೆ, ಎನ್ನುತ್ತಾಳೆ ನಲವತ್ತೊಂದು.

ಆರಿಸುವಾಗ ಮೊದಲು ಕೈ ನೋಡಿದ್ದರು,
ಆಮೇಲೆ ಮಕ್ಕಳ ಜನನಪತ್ರ.
ಎಳೆಯ ಮಗುವಿದ್ದರೆ ಒಳ್ಳೆಯದು,
ಹಿಂದಿರುಗುತ್ತಾಳೆ ಎಂಬುದಕ್ಕೆ ಜಾಮೀನು.
ಏಳು ವರ್ಷದ ತೂದಾಳನ್ನು
ಹೀಗೆ ಒತ್ತೆಯಿಟ್ಟು ಹಡಗು ಹತ್ತಿದಳು.

ಪ್ಲಾಸ್ಟಿಕ್ಕಿನ ಸುರಂಗದೊಳಗೆ
ಹೊರಗಿಗಿಂತ ಒಂದು ತಿಂಗಳು ಮುಂಚೆ ಬೇಸಿಗೆ.
ಸ್ಟ್ರಾಬೆರಿ ನೆಲಕ್ಕಂಟಿ ಹಣ್ಣಾಗುತ್ತದೆ,
ಬಗ್ಗದವರಿಗೆ ಸಿಗುವುದಿಲ್ಲ.
ಒತ್ತಬಾರದು, ಉಗುರು ತಾಕಬಾರದು, ತೊಟ್ಟು ಉಳಿಯಬೇಕು.
ಹಣ್ಣಿಗಿರುವ ನಿಯಮಗಳು ಅವಳಿಗೆ ಬಾಯಿಪಾಠ.
ತನಗಿರುವವು ಸ್ಪ್ಯಾನಿಷಿನಲ್ಲಿವೆ,
ಹನ್ನೊಂದು ಪುಟ, ಕೊನೆಯಲ್ಲಿ ಅವಳ ಹೆಬ್ಬೆಟ್ಟು.

ಕ್ರೇಟು ಕಡಿಮೆಯಾದರೆ ಮೂರು ದಿನ ಕೆಲಸವಿಲ್ಲ.
ಕೆಲಸವಿಲ್ಲದ ದಿನಕ್ಕೂ ಮಂಚದ ಬಾಡಿಗೆ ಇದೆ.
ಕೈಗವಸಿಗೆ ಕಡಿತ. ಬಸ್ಸಿಗೆ ಕಡಿತ,
ಬಸ್ಸು ಬಾರದ ಭಾನುವಾರವೂ.
ಸೊಂಟ ಹಿಡಿದ ಮಹ್ಜೂಬಾಗೆ
ಒಂದು ಮಾತ್ರೆ, ಒಂದು ಎಚ್ಚರಿಕೆ.

ಹೆಚ್ಚು ಹೊತ್ತು ದುಡಿದದ್ದನ್ನು
ಬರೆದಿಡಲು ಅವಳಿಗೆ ಅಕ್ಷರ ಬಾರದು.
ಊರಿಂದ ತಂದ ಉಣ್ಣೆಯ ಶಾಲಿತ್ತು, ಶಾಲಿಗೆ ಕುಚ್ಚಿತ್ತು.
ಒಪ್ಪಂದದ ಹೊತ್ತು ಮೀರಿದ ಮೇಲೆ
ಗಂಟೆಗೊಂದು ಗಂಟು.
ಕಂಟೇನರಿನಲ್ಲಿ ಜೊತೆಗೆ ಮಲಗುವ ಐವರು ನಕ್ಕರು:
ಯಾರಿಗೇ ಮಾಟ?
ಏಪ್ರಿಲ್ ಹೊತ್ತಿಗೆ ಅವರ ಕುಚ್ಚುಗಳೂ ಗಂಟಾಗತೊಡಗಿದವು.

ಜೂನ್. ಪಟ್ಟಣದ ಕಾರ್ಮಿಕ ಕಚೇರಿ.
ಪುರಾವೆ ಏನಿದೆ, ಕೇಳುತ್ತಾಳೆ ಅಧಿಕಾರಿ.
ಇತ್ತೋ ಶಾಲು ಬಿಚ್ಚಿ ಮೇಜಿನ ಮೇಲೆ ಹಾಸುತ್ತಾಳೆ;
ಕೀಬೋರ್ಡು ಮುಚ್ಚಿಹೋಗುತ್ತದೆ.
ಇದನ್ನು ಯಾವ ಕಾಲಮ್ಮಿನಲ್ಲಿ ತುಂಬುವುದು?
ದುಭಾಷಿಗೂ ಗೊತ್ತಿಲ್ಲ.
ಆದರೂ ಆಕೆ ಕನ್ನಡಕ ಏರಿಸಿ ಎಣಿಸತೊಡಗುತ್ತಾಳೆ,
ನೂರ ಆರಕ್ಕೆ ತಪ್ಪಿ, ಮೊದಲಿಂದ ಮತ್ತೆ.

ಇದೊಂದು ಯಾಕೆ ದಪ್ಪ?

ಅದು ಮಗಳ ಹಲ್ಲು ಬಿದ್ದ ದಿನ.
ಫೋನಿನಲ್ಲಿ ಮಾತೆಲ್ಲ ಸಿಳ್ಳೆ ಸಿಳ್ಳೆ.
ಅದನ್ನು ಬಿಡಿ,
ಧಣಿ ಕೊಡಬೇಕಾದ ಲೆಕ್ಕದಲ್ಲಿ ಅದು ಬರುವುದಿಲ್ಲ.

ದುಭಾಷಿ ಬಾಯಿ ತೆರೆದು, ಸುಮ್ಮನಾಗುತ್ತಾನೆ.
ಅಧಿಕಾರಿಯ ಬೆರಳು ಆ ಗಂಟಿನ ಮೇಲೇ ನಿಂತಿದೆ,
ಎಣಿಸಬೇಕೋ ಬೇಡವೋ.
ಹೊರಗೆ ಮೆಟ್ಟಿಲ ಮೇಲೆ ಮಹ್ಜೂಬಾ,
ಮಡಿಲಲ್ಲಿ ಮಡಿಸಿದ ಶಾಲು.
ಅವಳ ಹಿಂದೆ ಇನ್ನೂ ಮೂವರು.