ಹದಿನೈದು ಅಕ್ಷರ

ನೀನು ಮೊದಲು ಕಳಿಸಿದ್ದು ಒಂದು ಅಲ್ಪವಿರಾಮ.
ಕೈಪಿಡಿಯ ನಾಲ್ಕನೇ ಪುಟದಲ್ಲಿ ಬಿಟ್ಟುಹೋಗಿದ್ದ ಒಂದು ಕೊಂಡಿ,
ಅದರ ಬೆನ್ನಿಗೆ ಮೂರು ಪ್ಯಾರಾ ಕ್ಷಮಾಪಣೆ:
ಇಷ್ಟು ಸಣ್ಣದನ್ನು ಕಳಿಸಬಹುದೇ, ನಗುವುದಿಲ್ಲ ತಾನೇ.
ಸೇರಿಸಿಕೊಂಡೆ.
ಕ್ಷಮಾಪಣೆಯನ್ನಲ್ಲ, ಅಲ್ಪವಿರಾಮವನ್ನು.

ಅರ್ಜಿ ಹಾಕಿದವರು ನಲವತ್ತು ಮಂದಿ, ಮಿಯಾಲಿ.
ಕೆಲವರು ಪದವಿಗಳನ್ನು ಸೌದೆಯ ಹಾಗೆ ಪೇರಿಸಿದ್ದರು.
ನೀನು ಬರೆದದ್ದು ನಾಲ್ಕು ಸಾಲು:
ಫಿಯಾನಾರಂತ್ಸುವಾದ ಆಸ್ಪತ್ರೆಯಲ್ಲಿ
ನೋಂದಣಿ ಕಿಟಕಿಯ ಹಿಂದೆ ಕೂರುತ್ತೇನೆ.
ನಿಮ್ಮ ತಂತ್ರಾಂಶವನ್ನು ದಿನಾ ಬಳಸುತ್ತೇನೆ, ದಿನಾ ಬೈಯುತ್ತೇನೆ.
ಬೈಯುವುದು ಬಿಟ್ಟು ಬೇರೇನಾದರೂ ಮಾಡಿ ನೋಡೋಣ ಅಂತ.

ನನ್ನ ಬೇಸಿಗೆಯಲ್ಲಿ, ನಿನ್ನ ಚಳಿಯಲ್ಲಿ
ನಮ್ಮಿಬ್ಬರ ಗಡಿಯಾರ ಒಂದೇ.
ನಿನ್ನ ಒಂಬತ್ತು ಗಂಟೆಗೆ ಕತ್ತಲು, ಕರೆಂಟಿಲ್ಲ,
ಬ್ಯಾಟರಿ ಶೇಕಡ ಹನ್ನೊಂದು,
ಪಕ್ಕದಲ್ಲಿ ತಳಹಿಡಿದ ಅನ್ನಕ್ಕೆ ನೀರೆರೆದು ಕಾಸಿದ ಕಂದು ನೀರು.
ಇಲ್ಲಿ ಔಲುವಿನಲ್ಲಿ ಅದೇ ಒಂಬತ್ತಕ್ಕೆ
ಬಿಸಿಲು ನನ್ನ ಮೇಜಿನ ಮೇಲೆ ಕಾಲು ಚಾಚಿಕೊಂಡಿರುತ್ತದೆ,
ಎದ್ದು ಹೋಗೆಂದರೂ ಹೋಗುವುದಿಲ್ಲ.

ಮೊದಲ ಎರಡು ವಾರ ನಿನ್ನ ಯಂತ್ರದಲ್ಲಿ ಏನೂ ಏಳಲಿಲ್ಲ.
ನೀನು ಆರು ದಿನ ಮಾತಿಲ್ಲ.
ಏಳನೆಯ ದಿನ ನಾನೇ ಬರೆದೆ:
ಸಿಕ್ಕಿಕೊಂಡರೆ ಅರ್ಧ ಗಂಟೆ ತಡಕಾಡು, ಆಮೇಲೆ ಕೂಗು.
ನನ್ನ ಕಿವಿಯಲ್ಲಲ್ಲ, ಎಲ್ಲರಿಗೂ ಕೇಳುವಲ್ಲಿ ಕೂಗು.
ನಿನ್ನ ಹಿಂದೆ ಬರುವವಳು ಇದೇ ಗುಂಡಿಗೆ ಬೀಳುತ್ತಾಳೆ;
ಅವಳಿಗೆ ನಿನ್ನ ಕೂಗೇ ಹಗ್ಗ.

ಕೂಗಿದೆ ನೀನು. ಎಷ್ಟು ಕೂಗಿದೆ ಅಂದರೆ
ಇಬ್ಬರು ಹಿರಿಯರು ನನಗೆ ಗುಟ್ಟಾಗಿ ದೂರು ಹೇಳಿದರು.

ಆಮೇಲೆ ಆ ಇಬ್ಬರು ಹೆಂಗಸರು ಬಂದರು.
ಅಂದ್ರಿಯಮನಂತೇನಸುವಾ.
ಅಂದ್ರಿಯಮನಂತೇನರಿವು.
ನಮ್ಮ ಪರದೆ ಇಬ್ಬರ ಬಾಲವನ್ನೂ ಕತ್ತರಿಸಿ
ಒಬ್ಬಳನ್ನೇ ಮಾಡಿತ್ತು. ಒಬ್ಬಳ ರಕ್ತದ ಚೀಟಿ
ಇನ್ನೊಬ್ಬಳ ಕಡತದಲ್ಲಿ ಮಲಗಿತ್ತು ಮೂರು ದಿನ.
ನರ್ಸಮ್ಮ ಕೆಂಪು ಶಾಯಿಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದಾಳಂತೆ:
ಕೆಮ್ಮುವವಳು. ಕೆಮ್ಮದವಳು.

ಸಾಲನ್ನು ನೀನೇ ಹುಡುಕಿದೆ. ಹೆಸರಿನ ಉದ್ದ: ಹದಿನೈದು.
ತಿದ್ದುವ ಮೊದಲು ಮರ್ಯಾದೆಯಿಂದ ಕೇಳಿದೆ,
ಈ ಸಂಖ್ಯೆಗೆ ಏನಾದರೂ ಕಾರಣವಿತ್ತೇ?

ಸಾಲಿನ ಚರಿತ್ರೆ ತೆರೆದೆ.
ಹತ್ತೊಂಬತ್ತು ವರ್ಷದ ಕೆಳಗೆ, ನವೆಂಬರ್, ಮಧ್ಯಾಹ್ನ ಎರಡು.
ಬರೆದವರು: ಐಲಾ ಪುಕ್ಕಿಲಾ.
ನಾನು.

ಕಾರಣ ಇತ್ತು. ನನ್ನ ಫೋನಿನಲ್ಲಿದ್ದ ಹೆಸರುಗಳನ್ನು ಎಣಿಸಿದ್ದೆ.
ಹದಿಮೂರು ದಾಟಿದವರು ಯಾರೂ ಇರಲಿಲ್ಲ.
ಇನ್ನೆರಡು ಇರಲಿ ಅಂತ ಸೇರಿಸಿದೆ,
ಜಗತ್ತಿಗೆ ದಾನ ಕೊಟ್ಟವಳ ಹಾಗೆ.

ಇದನ್ನು ನಿನಗೆ ಬರೆಯಲು ಒಂದು ಸಂಜೆ ಹಿಡಿಯಿತು,
ಸಂಜೆಯೇ ಆಗದ ಊರಲ್ಲಿ.
ನಿನ್ನ ಉತ್ತರ: "ಸರಿ. ಹಾಗಾದರೆ ತೆಗೆಯಬಹುದು."

ತೆಗೆಯುವುದು ಅಷ್ಟು ಸಲೀಸಲ್ಲ ಎಂದು ಇಬ್ಬರೂ ಕಲಿತೆವು.
ಒಂದು ಕಡೆ ಸಡಿಲಿಸಿದರೆ ಚೀಟಿ ಮುದ್ರಿಸುವ ಯಂತ್ರ ಮುನಿಯಿತು,
ಹಳೆಯ ದಾಖಲೆಗಳು ಹೊಸ ಅಂಗಿಗೆ ತೋಳು ಹಾಕಲೊಲ್ಲವು.
ನಾಲ್ಕು ಸಲ ಹಿಂದಿರುಗಿಸಿದೆ.
ಮೂರನೆಯ ಸಲ ನೀನು ಅತ್ತೆಯಂತೆ; ಗೊತ್ತಾದದ್ದು ಮೊನ್ನೆ.
ನಾಲ್ಕನೆಯ ಸಲ ತಪ್ಪು ನನ್ನದೇ ಆಗಿತ್ತು, ನೀನು ಸಾಬೀತು ಮಾಡಿದೆ.
ಪರೀಕ್ಷೆಯ ಸಾಲುಗಳಲ್ಲಿ ಆ ಇಬ್ಬರನ್ನು ಹೋಲುವ
ಎರಡು ಉದ್ದುದ್ದ ಹೆಸರು ಕಟ್ಟಿದ್ದೆ. ನಿಜದ ಹೆಸರಲ್ಲ,
ಅವು ಅವರವು ಎಂದೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಈಗ ಯಾರಾದರೂ ಆ ಸಾಲನ್ನು
ನಿನ್ನ ಬರೆದವರಾರು ಎಂದು ಕೇಳಿದರೆ
ನನ್ನ ಹೆಸರು ಬರುವುದಿಲ್ಲ. ನಿನ್ನದು ಬರುತ್ತದೆ.
ನಿಮ್ಮ ಲಿಪಿಯಲ್ಲಿ ಎಣಿಸಿದೆ, ಐದೇ ಅಕ್ಷರ.
ನನ್ನ ಹದಿನೈದರೊಳಗೆ ಆರಾಮವಾಗಿ ಹಿಡಿಯುತ್ತಿತ್ತು.

ನಿನಗೆ ಈ ತಿದ್ದುಪಡಿ ಬೇಕೇ ಇರಲಿಲ್ಲ.